ಮೊಂಬಾಸಾ ಬಂದರಿನಲ್ಲಿ ಹೇಳಿದ ಒಡಪು

ಆಫ್ರಿಕಾಕ್ಕೆ ಹೋಗಿ ಬಂದವಳು ಎಂದು ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವುದು ಸಿಂಹದ ಸುದ್ದಿ. ಸಿಂಹ ನೋಡಿದಿರಾ, ಅದು ಮನುಷ್ಯರನ್ನು ತಿನ್ನುತ್ತದಂತೆ ಹೌದಾ, ರಾತ್ರಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಿರಾ. ನಾನು ಇದ್ದದ್ದು ಹತ್ತಿಯ ಕಾಳು ಬಿಡಿಸುವ ಜಿನ್ನಿನ ಹಿಂದಿನ ಮನೆಯಲ್ಲಿ. ಅಲ್ಲಿಗೆ ಸಿಂಹ ಬರಲಿಲ್ಲ. ಬಂದಿದ್ದರೂ ಹತ್ತಿಯ ದೂಳಿಗೆ ಸೀನಿ ಸೀನಿ ಸುಸ್ತಾಗಿ ವಾಪಸ್ ಹೋಗುತ್ತಿತ್ತು. ಹೀಗೆಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅಷ್ಟು ದೂರ ಹೋಗಿ ಒಂದು ಸಿಂಹ ನೋಡದೆ ಬಂದಳಲ್ಲ ಎಂದು ನನ್ನ ಮೇಲೇ ಸಿಟ್ಟಾಗುತ್ತಾರೆ.

ಆ ಪ್ರವಾಸದಲ್ಲಿ ನನಗೆ ಭಯವಾದದ್ದು ಒಂದೇ ಒಂದು ಸಲ. ಆಗ ಎದುರಿಗಿದ್ದದ್ದು ಮೇಜು, ಮೇಜಿನ ಹಿಂದೆ ಒಬ್ಬ ಬಿಳಿಯ ಸಾಹೇಬ, ಅವನ ಬಾಯಲ್ಲಿ ಒಂದು ಪ್ರಶ್ನೆ: ನೀನು ಯಾರು?

ಅದಕ್ಕೆ ನಾನು ಕೊಟ್ಟ ಉತ್ತರದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ. ಜಂಬ ಎನ್ನುವವರು ಎನ್ನಲಿ. ಜಂಬ ಪಡುವಂಥ ಕೆಲಸ ಮಾಡಿ ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ.

ಯಲಬುರ್ಗಾ

ನಮ್ಮವರು ಕೊಪ್ಪಳದ ಜಿನ್ನಿನಲ್ಲಿ ಫಿಟ್ಟರ್ ಆಗಿದ್ದರು. ಅವರ ಹೆಸರನ್ನು ಈಗಲೇ ಬರೆಯುವುದಿಲ್ಲ. ಹೊತ್ತು ಬಂದಾಗ ಬರೆಯುತ್ತೇನೆ, ಅದೂ ಹೇಗೆ ಹೇಳಬೇಕೋ ಹಾಗೆ. ಜಿನ್ನು ಕಚ್ಛದ ಕಡೆಯ ಒಬ್ಬ ಸೇಠರದ್ದು. ಸೇಠರ ತಮ್ಮಂದಿರು ಆಫ್ರಿಕಾದ ಕಂಪಾಲಾ ಎಂಬ ಊರಿನ ಹತ್ತಿರ ಇನ್ನೊಂದು ಜಿನ್ನು ಹಾಕಿದ್ದರು. ಯಂತ್ರ ಕೆಟ್ಟರೆ ಕಿವಿಗೊಟ್ಟು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುವ ಮನುಷ್ಯ ಬೇಕೆಂದು ನಮ್ಮವರನ್ನು ಅಲ್ಲಿಗೆ ಕಳಿಸಿದರು. ಮದುವೆಯಾಗಿ ಇನ್ನೂ ಅರಿಸಿನ ಆರಿರಲಿಲ್ಲ, ಅವರು ಹೊರಟೇಬಿಟ್ಟರು. ನಾನು ಹಿಟ್ನಾಳದಲ್ಲಿ ಅತ್ತೆ ಮಾವನ ಜೊತೆ ಉಳಿದೆ.

ಕೆಲವು ವರ್ಷಗಳಾದ ಮೇಲೆ ಅವರ ಕಾಗದ ಬಂತು. ಮನೆ ಸಿಕ್ಕಿದೆ, ಕಳಿಸಿಕೊಡಿರಿ ಎಂದು. ಯಾರನ್ನು ಕಳಿಸಬೇಕು ಎಂದು ಬರೆದಿರಲಿಲ್ಲ. ಹೆಂಡತಿಯ ಹೆಸರನ್ನು ಕಾಗದದಲ್ಲಿ ಬರೆದರೆ ನಾಲ್ಕು ಜನ ಓದಿ ನಗುತ್ತಾರಲ್ಲ! ಪಂಚಮಿಗೆಂದು ನಾನು ಯಲಬುರ್ಗಾದ ಹತ್ತಿರದ ತವರೂರಿಗೆ ಬಂದಿದ್ದೆ. ಹೀಗಾಗಿ ಹೊರದೇಶಕ್ಕೆ ಹೋಗಲು ಬೇಕಾದ ಕಾಗದಪತ್ರ ಮಾಡಿಸುವ ಕೆಲಸ ನಮ್ಮಪ್ಪನ ಹೆಗಲಿಗೆ ಬಿತ್ತು. ಆಗ ನಮ್ಮದು ನಿಜಾಮರ ಸೀಮೆ. ಕಚೇರಿಯ ಬರವಣಿಗೆಯೆಲ್ಲ ಉರ್ದು.

ಅಪ್ಪ ನನ್ನನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ಯಲಬುರ್ಗಾದ ಕಚೇರಿಗೆ ಹೋದ. ನಾವು ಹೋಗುತ್ತೇವೆಂದು ಗೊತ್ತಾಗಿ ಊರಿನ ಇನ್ನೂ ಎರಡು ಚಕ್ಕಡಿ ಹಿಂದೆಯೇ ಬಂದವು. ಅವರಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಊರಿನ ಮಗಳು ಸಮುದ್ರ ದಾಟುವುದನ್ನು ಯಾರೋ ಬರೆದುಕೊಳ್ಳುತ್ತಾರಂತೆ, ನೋಡೋಣ ಎಂದು ಬಂದಿದ್ದರು.

ಅಲ್ಲಿ ಬರೆದುಕೊಳ್ಳುವ ಮುನ್ಷಿ ಒಳ್ಳೆಯ ಮನುಷ್ಯ. ಕನ್ನಡಕ ಏರಿಸಿ ಕೇಳಿದ.

"ಗೌಡ್ರ, ಈಕಿ ನಿಮ್ಮ ಮಗಳ ಅನ್ನಾಕ ಸಬೂತ್ ಏನೈತಿ?"

ಅಪ್ಪನಿಗೆ ಪುರಾವೆ ಕೇಳುವ ಈ ಪ್ರಶ್ನೆ ಅರ್ಥವೇ ಆಗಲಿಲ್ಲ. ಆದ ಮೇಲೆ ಸಿಟ್ಟು ಬಂತು.

"ಸಬೂತ್? ನಾನ ಸಬೂತ್! ಎದುರಿಗೆ ನಿಂತೀನಲ್ರಿ!"

ಬಾಗಿಲಲ್ಲಿ ನಿಂತ ಮಂದಿಯನ್ನು ತಳ್ಳಿಕೊಂಡು ನಮ್ಮೂರಿನ ಸೂಲಗಿತ್ತಿ ಸಂಗವ್ವ ಒಳಗೆ ಬಂದಳು. ನನ್ನ ಗದ್ದ ಹಿಡಿದು ಮುನ್ಷಿಯ ಕಡೆ ತಿರುಗಿಸಿದಳು.

"ನನ್ನ ಕೈಯಾಗ ಬಿದ್ದ ಕೂಸು ಇದು ಸಾಹೇಬ್ರ. ಹುಟ್ಟಿದಾಗ ಊರಿಗೆ ಊರ ಎದ್ದು ಕುಂದ್ರಂಗ ಅತ್ತೈತಿ. ಆ ಬಾಯಿ ಇನ್ನೂ ಹಂಗ ಐತಿ. ಬರಕೋರಿ."

ಕಚೇರಿಯೆಲ್ಲ ನಕ್ಕಿತು. ಮುನ್ಷಿಯೂ ನಕ್ಕು ಲೇಖನಿ ಎತ್ತಿಕೊಂಡ. ನಮ್ಮ ಸೀಮೆಯಲ್ಲಿ ಮನುಷ್ಯರ ಗುರುತು ಹೀಗೆಯೇ. ಕೊಪ್ಪಳದ ಸಂತೆಯಲ್ಲಿ ಹೋಗಿ ನಿಂತರೆ ಸಾಕು, ಯಾರ ಮನೆಯವಳು, ಯಾರ ಪೈಕಿ, ಕುಷ್ಟಗಿಯ ಚಿಕ್ಕಮ್ಮ ಯಾರು, ಗಂಗಾವತಿಗೆ ಕೊಟ್ಟ ಅಕ್ಕ ಯಾರು ಎಂದು ಕೇಳಿ ಕೇಳಿ, ಕಡೆಗೆ ತಮಗೂ ಹೇಗೋ ಸಂಬಂಧ ಹಚ್ಚಿಕೊಂಡು, ಬದನೆಕಾಯಿ ಒಂದು ಹಿಡಿ ಹೆಚ್ಚು ಹಾಕಿ ಕಳಿಸುತ್ತಾರೆ.

"ಹೆಸರು?" ಎಂದ ಮುನ್ಷಿ.

"ನೀಲವ್ವ," ಎಂದ ಅಪ್ಪ.

ನೀಲವ್ವ ಎನ್ನುವುದು ಅಪ್ಪ ಇಟ್ಟ ಹೆಸರು, ನಿಜ. ಆದರೆ ನಮ್ಮತ್ತೆಯ ಹೆಸರೂ ನೀಲವ್ವ. ಮಗ ಹೆಂಡತಿಯನ್ನು ಅವ್ವನ ಹೆಸರು ಹಿಡಿದು ಕರೆಯಲು ಬರುತ್ತದೆಯೇ? ಅತ್ತೆ ಸೊಸೆಯನ್ನು ಬೈಯಬೇಕಾದರೆ ತನ್ನ ಹೆಸರಿಗೆ ತಾನೇ ಬೈದುಕೊಳ್ಳಬೇಕೇ? ಅದಕ್ಕೇ ಮನೆ ತುಂಬಿಸಿಕೊಂಡ ದಿನವೇ ನನಗೆ ಪಾರ್ವತೆವ್ವ ಎಂದು ಹೊಸ ಹೆಸರಿಟ್ಟಿದ್ದರು. ಹಿಟ್ನಾಳದಲ್ಲಿ ನನ್ನನ್ನು ಬೇರೆ ಹೆಸರಿನಿಂದ ಕರೆದವರೇ ಇಲ್ಲ. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಆದರೆ ಅಪ್ಪ ಹಿರಿಯರ ನಡುವೆ ಮಾತಾಡುತ್ತಿದ್ದ, ಅಷ್ಟು ಮಂದಿಯ ಎದುರು ನಡುವೆ ಬಾಯಿ ಹಾಕುವುದು ನಮ್ಮಲ್ಲಿ ಪದ್ಧತಿಯಲ್ಲ. ಯಾವ ಹೆಸರು ಬರೆದರೇನು, ಹೋಗುವವಳು ನಾನೇ ತಾನೇ ಎಂದು ಸುಮ್ಮನಾದೆ.

ಕೊಪ್ಪಳದ ಸ್ಟೇಷನ್

ಫೋಟೋ ಬೇಕು ಎಂದರು. ಕೊಪ್ಪಳಕ್ಕೆ ಆಗಾಗ ಬರುತ್ತಿದ್ದ ಫೋಟೋದವನನ್ನು ಹಿಡಿದೆವು. ಅವನು ಕರಿಯ ಬಟ್ಟೆಯೊಳಗೆ ತಲೆ ತೂರಿಸಿ ನನ್ನನ್ನೇ ನೋಡುತ್ತಿದ್ದಾನೆ, ಅವನ ಹಿಂದೆ ಮಾವನವರು ನಿಂತಿದ್ದಾರೆ. ಮಾವನವರ ಎದುರು ಮುಖ ಎತ್ತಿ ಕೂರುವುದು ಹೇಗೆ? "ತಲಿ ಎತ್ರೀ, ತಲಿ ಎತ್ರೀ" ಎಂದು ಅವನು ಕೂಗಿ ಕೂಗಿ ಸೋತ. ಬಂದ ಫೋಟೋದಲ್ಲಿ ಸೆರಗು ಸ್ಪಷ್ಟವಾಗಿತ್ತು, ಮೂಗುಬೊಟ್ಟು ಸ್ಪಷ್ಟವಾಗಿತ್ತು, ಉಳಿದದ್ದು ಯಾರದ್ದಾದರೂ ಆಗಬಹುದಿತ್ತು. ಮಾವನವರು ನೋಡಿ "ಛಲೋ ಬಂದೈತಿ, ಮರ್ಯಾದಸ್ಥರ ಫೋಟೋ" ಎಂದು ಮೆಚ್ಚಿಕೊಂಡರು.

ರೈಲು ಹತ್ತಿಸಲು ಎರಡೂ ಮನೆಯವರು ಬಂದಿದ್ದರು. ಅತ್ತೆ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕೊಟ್ಟು, "ಅಲ್ಲಿ ಜ್ವಾಳ ಸಿಗತೈತೋ ಇಲ್ಲೋ, ನನ್ನ ಮಗ ಎಷ್ಟು ಸೊರಗ್ಯಾನೋ" ಎಂದು ಅತ್ತರು. ಗದಗ, ಹುಬ್ಬಳ್ಳಿ, ಪುಣೆ ದಾಟಿ ಮುಂಬಯಿಯವರೆಗೆ ನನ್ನ ಅಣ್ಣ ಬಂದ. ಅಲ್ಲಿಂದ ಮುಂದೆ ನನ್ನನ್ನು ಒಪ್ಪಿಸಿದ್ದು ಸೇಠರ ತಾಯಿಗೆ. ಅವರೂ ಅದೇ ಹಡಗಿನಲ್ಲಿ ಮಕ್ಕಳ ಬಳಿಗೆ ಹೊರಟಿದ್ದರು. ಅವರನ್ನು ಎಲ್ಲರೂ ಬಾ ಎನ್ನುತ್ತಿದ್ದರು, ಅವರ ಮಾತಿನಲ್ಲಿ ಅವ್ವ ಎಂದು ಅರ್ಥ, ನಾನೂ ಹಾಗೆಯೇ ಕರೆದೆ.

ಹಡಗು

ಸಮುದ್ರದ ಬಗ್ಗೆ ಹೇಳಬೇಕೆಂದರೆ, ಅಷ್ಟು ನೀರು ಇದ್ದೂ ಒಂದು ತಂಬಿಗೆ ಉಪಯೋಗಕ್ಕಿಲ್ಲ. ನಮ್ಮ ಎರೆಹೊಲದವರು ಒಮ್ಮೆ ನೋಡಿದರೆ ಹೊಟ್ಟೆ ಉರಿದುಕೊಂಡು ಸಾಯುತ್ತಾರೆ. ಇದು ಗೊತ್ತಿದ್ದೂ ನಾನೊಂದು ಕೆಲಸ ಮಾಡಿದೆ. ಬಾ ಅವರ ಬಿಳಿಯ ಸೀರೆಗೆ ಸಾರು ಚೆಲ್ಲಿತ್ತು. ಖಲಾಸಿಯೊಬ್ಬ ಹಗ್ಗ ಕಟ್ಟಿ ಬಕೇಟಿನಲ್ಲಿ ಎತ್ತಿಟ್ಟಿದ್ದ ಸಮುದ್ರದ ನೀರಿನಲ್ಲಿ ಅದನ್ನು ಒಗೆದು ಹರವಿದೆ. ಸಂಜೆಗೆ ಸೀರೆ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು, ಮಡಚಲು ಹೋದರೆ ಪಟಪಟ ಎಂದಿತು. ಬಾ ಅದನ್ನು ಎತ್ತಿ ಹಿಡಿದು ಕಣ್ಣೀರು ಬರುವ ಹಾಗೆ ನಕ್ಕರು. ಆಮೇಲೆ ನಾವಿಬ್ಬರೂ ಗೆಳತಿಯರಾದೆವು. ಅವರಿಗೆ ನನ್ನ ಮಾತು ಅರ್ಧ ತಿಳಿಯುತ್ತಿರಲಿಲ್ಲ, ನನಗೆ ಅವರದು. ಆದರೂ ದಿನವೆಲ್ಲ ಮಾತಾಡಿದೆವು.

ಡೆಕ್ಕಿನ ಮೇಲೆ ಎಲ್ಲ ದೇಶದ ಜನ ಇದ್ದರು. ಪಂಜಾಬಿನ ಬಡಗಿಗಳು, ಗೋವಾದ ಅಡುಗೆಯವರು, ಸೂರತ್ತಿನ ದರ್ಜಿಗಳು. ಪ್ರತಿಯೊಬ್ಬರೂ ತಮ್ಮ ಚಾಪೆಯ ಸುತ್ತ ಪೆಟ್ಟಿಗೆಗಳನ್ನು ಇಟ್ಟುಕೊಂಡು ಗಡಿ ಮಾಡಿಕೊಂಡಿದ್ದರು. ಆ ಪೆಟ್ಟಿಗೆಗಳ ನಡುವೆ ಅಡುಗೆ, ಜಗಳ, ಭಜನೆ ಎಲ್ಲ ನಡೆಯುತ್ತಿತ್ತು. ನಿಮ್ಮದು ಯಾವ ಮುಲ್ಕು ಎಂದು ಎಲ್ಲರೂ ಕೇಳುವವರೇ. ಕೊಪ್ಪಳ ಎಂದರೆ ಯಾರಿಗೂ ಗೊತ್ತಿಲ್ಲ. ನಿಜಾಮರ ಸೀಮೆ ಎಂದರೆ ತಕ್ಷಣ ನನ್ನ ಜೊತೆ ಉರ್ದು ಮಾತಾಡುವರು, ನಿಜಾಮರ ಮುತ್ತಿನ ಹಾರ ಎಷ್ಟು ಉದ್ದ ಎಂದು ಕೇಳುವರು. ನಾನೇನು ಅಳತೆ ಹಿಡಿದು ನೋಡಿದ್ದೇನೆಯೇ! ಕಡೆಗೆ ಸೂರತ್ತಿನ ದರ್ಜಿಯ ಹೆಂಡತಿಗೆ ರೊಟ್ಟಿ, ಗುರೆಳ್ಳು ಪುಡಿ ಕೊಟ್ಟು, "ಇದು ಕೊಪ್ಪಳ, ತಿನ್ನಿ" ಎಂದೆ. ಆಕೆ ತಿಂದಳು. ಮರುದಿನ ತಾನೇ ತಟ್ಟೆ ಹಿಡಿದುಕೊಂಡು ಬಂದಳು. ಮೊಂಬಾಸಾ ಬರುವ ಹೊತ್ತಿಗೆ ಡೆಕ್ಕಿನ ಆ ಮೂಲೆಯಲ್ಲಿ ಕೊಪ್ಪಳ ಎಲ್ಲರಿಗೂ ಗೊತ್ತಾಗಿತ್ತು. ಅತ್ತೆಯ ಗಂಟು ಮಾತ್ರ ಬರಿದಾಗಿತ್ತು.

ಮೊಂಬಾಸಾ

ದಂಡೆಯ ಮೇಲೆ ತೆಂಗಿನ ಮರ, ಬಿಳಿಯ ಮನೆಗಳು, ಕರಿಯ ಬಟ್ಟೆ ಹೊದ್ದ ಹೆಂಗಸರು. ಹೊರೆ ಹೊತ್ತವರ ತಲೆಯ ಮೇಲೆ ನಮ್ಮೂರಿನ ಹಾಗೆಯೇ ಬಟ್ಟೆಯ ಸಿಂಬಿ. ಅಲ್ಲಿಯ ಜನರ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಇಬ್ಬರು ಎದುರಾದರೆ ಸುಮ್ಮನೆ ಕೈ ಮುಗಿದು ಹೋಗುವುದಿಲ್ಲ. ನಿಂತು, ನೀನು ಹೇಗಿದ್ದೀ, ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ಕೆಲಸ ಹೇಗಿದೆ ಎಂದು ಒಂದೊಂದಾಗಿ ಕೇಳುತ್ತಾರೆ. "ಆರಾಮದೀರಿ? ಮನ್ಯಾಗೆಲ್ಲಾ ಆರಾಮ? ಮಳಿ ಆತೇನ್ರಿ?" ಎನ್ನುವ ನಮ್ಮವರನ್ನು ಅಲ್ಲಿ ಬಿಟ್ಟರೆ ಎರಡು ದಿನದಲ್ಲಿ ಊರಿನವರೇ ಆಗಿಬಿಡುತ್ತಾರೆ.

ಬೇಲಿಯ ಆಚೆ ನಿಂತ ಗುಂಪಿನಲ್ಲಿ ನಮ್ಮವರು ಕಂಡರು. ಕಂಪಾಲಾದಿಂದ ರೈಲಿನಲ್ಲಿ ಬಂದು ಕಾಯುತ್ತಿದ್ದರು. ಮುಂದಿನವರ ಭುಜದ ಸಂದಿಯಿಂದ ಟೊಪ್ಪಿಗೆ ಮಾತ್ರ ಕಾಣುತ್ತಿತ್ತು, ಆದರೂ ನನಗೆ ತಿಳಿಯಿತು. ಎಷ್ಟೋ ವರ್ಷವಾದ ಮೇಲೆ ನೋಡುತ್ತಿದ್ದೇನೆ, ತುದಿಗಾಲಲ್ಲಿ ನಿಂತು ಮುಖ ಕಾಣುವವರೆಗೆ ಕತ್ತು ಚಾಚಿದೆ. ಅವರೂ ನೋಡಿದರು. ನೋಡಿ ಮುಖವನ್ನು ಬೇರೆ ಕಡೆ ತಿರುಗಿಸಿದರು. ನಾಲ್ಕು ಜನರ ನಡುವೆ ಹೆಂಡತಿಯನ್ನು ದಿಟ್ಟಿಸಿ ನೋಡುವ ಮನುಷ್ಯರಲ್ಲ ಅವರು. ಈ ಮರ್ಯಾದೆಯೇ ಮುಂದೆ ನಮಗೆ ಮುಳುವಾಯಿತು. ಪಕ್ಕದಲ್ಲಿದ್ದ ಒಬ್ಬ ಸಿಪಾಯಿ ಅದನ್ನು ಗಮನಿಸಿ, ಇವನು ಈ ಹೆಂಗಸನ್ನು ಕಂಡು ಮುಖ ತಿರುಗಿಸಿದ ಎಂದು ಒಳಗೆ ಹೋಗಿ ಹೇಳಿದನಂತೆ.

ತಗಡಿನ ಚಾವಣಿಯ ಉದ್ದನೆಯ ಕಚೇರಿ. ಬಾ ಅವರು ಹಳಬರು, ಬೇಗ ದಾಟಿದರು. ನನ್ನ ಸರದಿ ಬಂತು. ಸಾಹೇಬನ ಪಕ್ಕದಲ್ಲಿ ಗೋವಾದ ಒಬ್ಬ ಗುಮಾಸ್ತರು ಕೂತಿದ್ದರು. ಬೆಳಗಾವಿಯಲ್ಲಿ ಓದಿದವರು, ಮರಾಠಿ ಬೆರೆಸಿ ಕನ್ನಡ ಮಾತಾಡುತ್ತಿದ್ದರು. ಹೇಳು ಎನ್ನುವುದಕ್ಕೆ ಸಾಂಗು, ಅಮ್ಮ ಎನ್ನುವುದಕ್ಕೆ ಬಾಯಿ. ಅಷ್ಟು ದೂರದಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ನನಗೆ ಕೈ ಮುಗಿಯಬೇಕೆನಿಸಿತು. ಮುಗಿದೆ ಕೂಡ.

ನಮ್ಮವರನ್ನು ಮೊದಲೇ ಹಲಗೆಯ ಗೋಡೆಯ ಆಚೆಯ ಕೋಣೆಗೆ ಕರೆದು ಕೇಳಿದ್ದರು. ಬೇರೆಯವರ ಹೆಂಡತಿ, ಬೇರೆಯವರ ತಂಗಿ ಎಂದು ಸುಳ್ಳು ಹೇಳಿ ಕರೆತರುವವರು ಇರುತ್ತಾರಂತೆ. ಅದಕ್ಕೆ ಇಬ್ಬರನ್ನೂ ಬೇರೆ ಬೇರೆ ಕೇಳಿ, ಮಾತು ಒಂದಕ್ಕೊಂದು ಕೂಡುತ್ತದೆಯೇ ಎಂದು ನೋಡುವುದು ಅಲ್ಲಿಯ ರೀತಿ. ಸಾಹೇಬ ನನ್ನ ಕಾಗದ ನೋಡಿದ, ಫೋಟೋ ನೋಡಿದ, ನನ್ನ ಮೂಗುಬೊಟ್ಟು ನೋಡಿದ, ಮತ್ತೆ ಫೋಟೋ ನೋಡಿದ. ಏನೋ ಅಂದ.

"ಬಾಯಿ," ಎಂದರು ಗುಮಾಸ್ತರು, "ನಿಮ್ಮ ಯಜಮಾನ್ರು ಹೆಂಡ್ತಿ ಹೆಸರು ಪಾರ್ವತಿ ಅಂತ ಸಾಂಗಿದ್ರು. ನಿಮ್ಮ ಕಾಗದದಾಗ ನೀಲವ್ವ ಐತಿ. ನೀಲವ್ವ ಯಾರು ಅಂತ ಅವರಿಗೆ ಕೇಳಿದ್ವಿ. ಅವರು ಏನ ಸಾಂಗಿದ್ರು ಗೊತ್ತದ? 'ನೀಲವ್ವ ನನ್ನ ಹೆಂಡ್ತಿ ಅಲ್ರಿ, ಬಿಡ್ತು ಅನ್ರಿ! ನೀಲವ್ವ ನಮ್ಮವ್ವ!' ಅಂದ್ರು."

ಅಯ್ಯೋ ಶಿವನೇ! ಅವರು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಆ ಹೆಸರು ಕೇಳಿದರೆ ಅವರ ಕಣ್ಣಿಗೆ ಅವ್ವನಲ್ಲದೆ ಇನ್ನಾರೂ ಬರುವುದೇ ಇಲ್ಲ. ನಾನು ಅತ್ತೆಯ ಹೆಸರಿನ ಕಥೆಯನ್ನೆಲ್ಲ ಹೇಳಿದೆ. ಗುಮಾಸ್ತರು ತಿರುಗಿಸಿ ಹೇಳಿದರು. ಸಾಹೇಬ ಹುಬ್ಬು ಗಂಟಿಕ್ಕಿ ಕೇಳಿ, ಹೆಂಡತಿಯಾದರೆ ಗಂಡನ ಹೆಸರು ಹೇಳಲಿ, ಬಾಯಿಂದ ಹೇಳಲಿ ಎಂದ.

ನಾನು ಮೇಜಿನ ಮೇಲಿದ್ದ ಕಾಗದದ ಕಡೆ ಬೆರಳು ತೋರಿಸಿದೆ.

"ಸಾಂಗ್ರಿ ಬಾಯಿ."

"ಅದು ಕಾಗದದಾಗ ಐತೆಲ್ರಿ ಅಣ್ಣಾರ. ಬೇಕಂದ್ರ ನೀವು ಅನ್ರಿ, ನಾ ಹೂಂ ಅಂತೀನಿ."

"ಸಾಹೇಬ್ರು ಅಂತಾರ, ಗಂಡನ ಹೆಸರು ಗೊತ್ತಿಲ್ಲದಾಕಿ ಎಂಥಾ ಹೆಂಡ್ತಿ?"

ಮೈ ಉರಿದುಹೋಯಿತು. "ಗೊತ್ತಿಲ್ಲ ಅಂದೋರು ಯಾರ್ರಿ? ಗೊತ್ತೈತಿ ಅಂತನ ಬಾಯಾಗ ತಗಿಯೂದಿಲ್ಲ. ಹಂಗ ಅನಾಕ ಅವರೇನು ನಮ್ಮ ಮನಿ ಎತ್ತೇನ್ರಿ?"

ಗುಮಾಸ್ತರಿಗೆ ನಮ್ಮ ಪದ್ಧತಿ ಗೊತ್ತಿತ್ತು. ಪಾಪ, ಅವರು ಸಾಹೇಬನಿಗೆ ವಿವರಿಸಿ ಹೇಳಿದರು. ಸಾಹೇಬನೂ ಕೆಟ್ಟವನೇನಲ್ಲ. ಹಾಗಾದರೆ ಕಾಗದದಲ್ಲಿ ಇಲ್ಲದ್ದನ್ನು ಇಬ್ಬರಿಗೂ ಕೇಳೋಣ ಎಂದ. ನಿಮ್ಮ ಗಂಡನ ಮನೆಗೆ ಎಷ್ಟು ಬಾಗಿಲು? ಮೂರು ಎಂದೆ. ಆಚೆ ಕೋಣೆಯಿಂದ ಎರಡು ಎಂದು ಉತ್ತರ ಬಂತು. ಅವರು ಹೋದ ಮೇಲೆ ಮಾವನವರು ಹಿತ್ತಲಿಗೆ ಒಂದು ಬಾಗಿಲು ಇಡಿಸಿದ್ದರು, ಅವರಿಗೆ ಯಾರು ತಿಳಿಸಬೇಕು? ಗಂಡ ನಿಮ್ಮ ಜೊತೆ ಸಾಮಾನ್ಯವಾಗಿ ಯಾವ ವಿಷಯ ಮಾತಾಡುತ್ತಿದ್ದ? ನಾನು ಏನು ಹೇಳಲಿ! ಅತ್ತೆ, ಮಾವ, ಮೈದುನರು, ಬಂದು ಹೋಗುವ ಮಂದಿ. ಹಗಲಿನಲ್ಲಿ ನಾವು ಎದುರುಬದುರು ನಿಂತು ಮಾತಾಡಿದ್ದೇ ಇಲ್ಲ. "ಮಾತಾಡಿಲ್ರಿ" ಎಂದೆ. ಆಚೆಯಿಂದಲೂ ಮಾತಾಡಿಲ್ಲ ಎಂದೇ ಬಂತು. ಅದು ಕೂಡಿತು, ಆದರೆ ಸಾಹೇಬನಿಗೆ ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

ಕಾಗದ ಮಡಚಿ ಪಕ್ಕಕ್ಕಿಟ್ಟ. ಗುಮಾಸ್ತರು ನನ್ನ ಮುಖ ನೋಡದೆ ಹೇಳಿದರು.

"ಹಡಗು ನಾಳೆ ವಾಪಸ್ ಜಾತದ ಬಾಯಿ. ನಿಮ್ಮನ್ನ ಅದರಾಗ ಮುಂಬಯಿಗೆ ಕಳಸ್ತಾರಂತ."

ಬಾ ಅವರು ಹೊರಗಿನಿಂದ ಓಡಿ ಬಂದು, ನನಗೆ ಈಕೆ ಗೊತ್ತು ಎಂದು ಗುಜರಾತಿಯಲ್ಲಿ ಜೋರು ಮಾಡಿದರು. ಎಲ್ಲಿಂದ ಗೊತ್ತು ಎಂದರೆ ಮುಂಬಯಿಯಿಂದ ಎನ್ನಬೇಕಾಯಿತು. ಅದು ನಡೆಯಲಿಲ್ಲ. ಹಲಗೆಯ ಆಚೆ ನಮ್ಮವರು ಓಡಾಡುವ ಸಪ್ಪಳ ಕೇಳುತ್ತಿತ್ತು. ನಾನು ವಾಪಸ್ ಹೋದರೆ ಊರವರು ಏನೆಂದುಕೊಳ್ಳುತ್ತಾರೆ? ಗಂಡನೇ ನನ್ನ ಹೆಂಡತಿಯಲ್ಲ ಎಂದು ಕಳಿಸಿದ ಎನ್ನುವುದಿಲ್ಲವೇ? ಅಪ್ಪ ತಲೆ ಎತ್ತಿ ಯಲಬುರ್ಗಾದ ಪೇಟೆಗೆ ಹೋಗುವುದು ಹೇಗೆ? ಅಳು ಒತ್ತರಿಸಿ ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು. ಅಳುವುದಕ್ಕೆ ಇಷ್ಟು ದೂರ ಬರಬೇಕಾಗಿತ್ತೇ? ಮನೆಯಲ್ಲೇ ಕೂತು ಅಳಬಹುದಿತ್ತಲ್ಲ!

ಹಲಗೆಯ ಈಚೆ, ಹಲಗೆಯ ಆಚೆ

ಮೂಗು ಒರೆಸಿಕೊಂಡು ಹೇಳಿದೆ.

"ಅಣ್ಣಾರ, ಗಂಡನ ಹೆಸರು ಬಾಯಿಲೆ ಹೇಳಬೇಕು, ಹೌದಿಲ್ಲೋ? ಹೇಳತೀನಿ. ಆದ್ರ ನಮ್ಮ ಪದ್ಧತಿಲೆ ಹೇಳತೀನಿ. ಒಡಪು ಹಾಕಿ ಹೇಳತೀನಿ."

ಗುಮಾಸ್ತರ ಮುಖ ಅರಳಿತು. ಬೆಳಗಾವಿಯಲ್ಲಿ ಮದುವೆಯೂಟ ಉಂಡವರು, ಒಡಪು ಗೊತ್ತಿಲ್ಲದೆ ಇರುತ್ತದೆಯೇ? ನಮ್ಮಲ್ಲಿ ಗಂಡನ ಹೆಸರನ್ನು ಬಾಯಿಂದ ಎತ್ತಲು ಇರುವುದು ಅದೊಂದೇ ದಾರಿ. ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎನ್ನುತ್ತಾರೆ. ಪದ ಕಟ್ಟಿ, ಪದದ ನಡುವೆ ಹೆಸರನ್ನು ಇಟ್ಟು ಹೇಳಿ ದಾಟಬೇಕು.

"ನನ್ನ ಲಗ್ನದಾಗ ಹೇಳಿದ ಒಡಪು ಹೇಳತೀನಿ. ನಾನ ಕಟ್ಟಿದ್ದು. ಇಡೀ ಹಂದರದಾಗ ಹಂಗ ಯಾರೂ ಹೇಳಿದ್ದಿಲ್ಲ. ಇದ ಒಡಪು ಅವರನ್ನೂ ಕೇಳ್ರಿ. ಈ ಮೊಂಬಾಸಾದಾಗ ಅದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ."

ಸಾಹೇಬ ಗಡಿಯಾರ ನೋಡಿಕೊಂಡು ಆಗಲಿ ಎಂದ. ಕಿವಿಗೆ ಬೀಳಬಾರದೆಂದು ನಮ್ಮವರನ್ನು ಅಷ್ಟು ಹೊತ್ತು ಸಿಪಾಯಿಯ ಜೊತೆ ದೂರದ ಅಂಗಳಕ್ಕೆ ಕಳಿಸಿದರು. ನಾನು ಮತ್ತೊಂದು ಮಾತು ಹೇಳಿದೆ. ಗಂಡಸರ ಕಚೇರಿಯಲ್ಲಿ ಒಬ್ಬಳೇ ನಿಂತು ಒಡಪು ಹೇಳಲಾರೆ, ಸುತ್ತ ಹೆಂಗಸರು ಬೇಕು. ಬಾ ಅವರು ತಕ್ಷಣ ಹೊರಗೆ ಹೋಗಿ ದರ್ಜಿಯ ಹೆಂಡತಿಯನ್ನು, ಇಬ್ಬರು ಪಂಜಾಬಿ ಹೆಂಗಸರನ್ನು ಎಳೆದು ತಂದರು. ಕಸ ಗುಡಿಸುತ್ತಿದ್ದ ಅಲ್ಲಿಯ ಮುದುಕಿಯೊಬ್ಬಳು ತಾನಾಗಿಯೇ ಪೊರಕೆ ಹಿಡಿದುಕೊಂಡು ಬಂದು ನಿಂತಳು. ಯಾರಿಗೂ ಒಂದು ಅಕ್ಷರ ಕನ್ನಡ ಬಾರದು. ಆದರೆ ಹೆಂಗಸರು ಸುತ್ತಲೂ ನಿಂತು ಕಣ್ಣರಳಿಸಿದಾಗ ಅದು ಹಿಟ್ನಾಳದ ಹಂದರವೇ ಆಯಿತು. ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದೆ:

ಎರಿ ಹೊಲದಾಗ ಅರಳೈತಿ ಬಿಳಿ ಹತ್ತಿ,
ಜಗಲಿ ಮ್ಯಾಲ ಉರಿತೈತಿ ತುಪ್ಪದ ಬತ್ತಿ,
ನಿಂತ್ರ ಗಿಡ್ಡರು, ಮಾತಿಗೆ ನಿಂತ್ರ ಎತ್ತರ,
ಚನ್ನಬಸಪ್ಪನೋರು ಕೇಳಿದ್ರ ಕೊಡತೀನಿ ಉತ್ತರ.

ಬಾ ಅವರು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಪೊರಕೆಯ ಮುದುಕಿ ನಾಲಿಗೆ ಕುಣಿಸಿ ನಮ್ಮವರು ಎಂದೂ ಕೇಳದಂಥ ಒಂದು ಕೇಕೆ ಹಾಕಿದಳು. ಗುಮಾಸ್ತರು ಬರೆದುಕೊಂಡು, ನಮ್ಮವರನ್ನು ಮತ್ತೆ ಒಳಗೆ ಕರೆಸಿ, ಆಚೆ ಕೋಣೆಗೆ ಹೋದರು. ಗಂಡಸರಿಗೆ ಇಂಥವು ನೆನಪಿರುತ್ತವೆಯೇ? ಯಂತ್ರದ ಒಂದೊಂದು ತಿರುಪು ನೆನಪಿಡುವ ಮನುಷ್ಯ, ಹೆಂಡತಿ ಹೇಳಿದ ನಾಲ್ಕು ಸಾಲು ಇಷ್ಟು ವರ್ಷ ಇಟ್ಟುಕೊಂಡಿದ್ದಾರೆಯೇ? ಮರೆತಿದ್ದರೆ ಮುಂಬಯಿಯ ಹಡಗು ಹತ್ತುವುದೇ. ಅದಕ್ಕಿಂತ ಹೆಚ್ಚಾಗಿ, ಅವರು ಮರೆತಿದ್ದರೆ ನಾನು ಸಮುದ್ರ ದಾಟಿ ಬಂದದ್ದು ಯಾರಿಗಾಗಿ?

ಗುಮಾಸ್ತರು ತಿರುಗಿ ಬಂದರು. ಮುಖ ಅಷ್ಟು ಸರಿಯಿರಲಿಲ್ಲ.

"ಹತ್ತಿ ಬರೋಬರ್, ಬತ್ತಿ ಬರೋಬರ್. ಕಡಿಗಿನ ಸಾಲೂ ಬರೋಬರ್. ಆದ್ರ ಮೂರನೇ ಸಾಲು ಕೂಡವಲ್ದು ಬಾಯಿ. ಅವರು 'ಕುಂತ್ರ ಗಂಭೀರ, ನಿಂತ್ರ ಆನಿ ಎತ್ತರ' ಅಂದ್ರು."

ಆಗ ಹೊರಟಿತು ನೋಡಿ ನನ್ನ ಬಾಯಿ! ಸಾಹೇಬ ಇದ್ದಾನೆ, ಕಚೇರಿ ಇದೆ ಎಂಬುದೆಲ್ಲ ಮರೆತು ಹಲಗೆಗೆ ಬಾಯಿ ಹಚ್ಚಿ ಕೂಗಿದೆ.

"ಏನ್ರೀ! ಆನಿ ಎತ್ತರ ಅಂತ ನಾ ಯಾವಾಗ ಅಂದಿದ್ದೆ?"

ಆಚೆಯಿಂದ ಮೆಲ್ಲಗೆ ಬಂತು. "ಅಂದಿದ್ದಿ."

"ಸುಳ್ಳ ಹೇಳಬ್ಯಾಡ್ರಿ! ಗಿಡ್ಡರು ಅಂದಿದ್ದೆ! ಇಡೀ ಹಂದರ ಬಿದ್ದು ಬಿದ್ದು ನಕ್ಕಿದ್ದು ಮರತ್ರೇನು?"

"ಮರತಿಲ್ಲ. ಸಾಹೇಬರ ಮುಂದ ಹಂಗ ಅನ್ನೂದು ಛಂದ ಕಾಣತೈತೇನು? ನಾಲ್ಕ ಮಂದ್ಯಾಗ ಇಲ್ಲಿ ನನಗೂ ಒಂದು ಮರ್ಯಾದಿ ಐತಿ!"

"ನಿಮ್ಮ ಮರ್ಯಾದಿ ಸಲುವಾಗಿ ನನ್ನ ಒಡಪು ಕೆಡಸ್ತೀರಿ? ನನ್ನನ್ನ ವಾಪಸ್ ಕಳಸಾಕ ಹತ್ಯಾರ್ರೀ ಇಲ್ಲೆ!"

"ಕಳಸ್ತಾರ?" ಅವರ ದನಿ ಬದಲಾಯಿತು. ಕುರ್ಚಿ ಉರುಳಿದ ಸದ್ದಾಯಿತು. "ಕಳಸ್ತಾರಂದ್ರ ಏನು? ಗಿಡ್ಡ ಅಂತ ಬರಕೋರಿ ಸಾಹೇಬ್ರ! ಆಕಿ ಅಂದಿದ್ದ ಖರೇ! ನಾ ಗಿಡ್ಡ ಅದೀನಿ! ಬೇಕಾದ್ರ ಅಳತಿ ಮಾಡಕೋರಿ!"

ಗುಮಾಸ್ತರು ನಗುವಿನ ನಡುವೆ ಬಿಟ್ಟು ಬಿಟ್ಟು ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸು‌ತ್ತಿದ್ದರು. ಸಾಹೇಬ ಎದ್ದು ಹೋಗಿ ತಾನೇ ಆ ಬಾಗಿಲು ತೆರೆದ. ಬಾಗಿಲಲ್ಲಿ ನಮ್ಮವರು ನಿಂತಿದ್ದರು, ಟೊಪ್ಪಿಗೆ ಕೈಯಲ್ಲಿ, ಮುಖ ಕೆಂಪು. ಸಾಹೇಬನ ಕೋಟಿನ ಎದೆಯ ಕಿಸೆಯವರೆಗೆ ಬರುತ್ತಿದ್ದರು. ಸಾಹೇಬ ಅವರನ್ನು ಮೇಲಿನಿಂದ ಕೆಳಗೆ ನೋಡಿದ, ನನ್ನ ಕಡೆ ತಿರುಗಿ ನೋಡಿದ, ಕುರ್ಚಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

"ಸಾಹೇಬ್ರು ಅಂತಾರ," ಎಂದರು ಗುಮಾಸ್ತರು, "ಬಾಯಿಯವರ ಸಾಲ ಖರೇ ಸಾಲು. ಮತ್ತ ಹಿಂಗ ಜಗಳಾ ಆಡಾಕ ಗಂಡ ಹೆಂಡ್ತಿಗೆ ಬಿಟ್ರ ಬ್ಯಾರೆ ಯಾರಿಗೂ ಬರೂದಿಲ್ಲಂತ."

ಬಾ ಅವರು ನನ್ನ ಕೆನ್ನೆ ಹಿಂಡಿದರು. ಪಂಜಾಬಿ ಹೆಂಗಸರು ನಮ್ಮವರನ್ನು ನೋಡಿ ಸೆರಗಿನೊಳಗೆ ನಕ್ಕರು. ಅವರು ಮಾತ್ರ ಈಗ ಮುಖ ತಿರುಗಿಸಲಿಲ್ಲ. ಅಷ್ಟು ಮಂದಿಯ ನಡುವೆ, ಹಗಲಿನಲ್ಲಿ, ನನ್ನನ್ನೇ ನೋಡುತ್ತ ನಿಂತರು. ನಾನೂ ನೋಡಿದೆ. ಅತ್ತೆ ಹೇಳಿದ ಹಾಗೆ ಸೊರಗಿದ್ದರು. ಆ ನಾಲ್ಕು ಸಾಲನ್ನು ಎರಡು ಸಮುದ್ರದಷ್ಟು ದೂರ ಇದ್ದೂ ಜೋಪಾನ ಮಾಡಿದ್ದರಲ್ಲ ಎಂದು ನನಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ತಮಗೆ ಬೇಕಾದ ಕಡೆ ತಿದ್ದಿಕೊಂಡಿದ್ದರು, ಹೋಗಲಿ ಬಿಡಿ.

ಸಾಹೇಬ ದೊಡ್ಡ ಪುಸ್ತಕ ತೆರೆದು ಲೇಖನಿ ಅದ್ದಿದ. ಗುಮಾಸ್ತರು ನಮ್ಮವರನ್ನು ಕೇಳಿದರು.

"ಹೆಂಡ್ತಿ ಹೆಸರು ಯಾವುದು ಬರೀಬೇಕ್ರಿ?"

ನಮ್ಮಲ್ಲಿ ಇಂಥ ಪ್ರಶ್ನೆಗೆ ಉತ್ತರ ಕೊಡುವುದು ಗಂಡಸರೇ. ಯಲಬುರ್ಗಾದಲ್ಲಿ ಅಪ್ಪ ಕೊಟ್ಟಿದ್ದ, ಈಚೆ ಕೋಣೆಗೆ ನಾನು ಬರುವ ಮೊದಲೇ ಇವರು ಒಮ್ಮೆ ಕೊಟ್ಟಾಗಿತ್ತು. ನಮ್ಮವರು ಬಾಯಿ ತೆರೆದರು. ಮತ್ತೆ ಮುಚ್ಚಿದರು. ಟೊಪ್ಪಿಗೆಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದರು.

"ನನ್ನ ಯಾಕ ಕೇಳತೀರಿ?" ಎಂದರು. "ಹೆಸರು ಆಕಿದು. ಆಕಿನ್ನ ಕೇಳ್ರಿ."

ಕಚೇರಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಹುಟ್ಟಿದ ಮೇಲೆ ನನ್ನ ಹೆಸರನ್ನು ನನ್ನನ್ನೇ ಕೇಳಿದ್ದು ಅದೇ ಮೊದಲು.

"ಎರಡೂ ಬರೀರಿ," ಎಂದೆ. "ನೀಲವ್ವ ನಮ್ಮಪ್ಪ ಇಟ್ಟಿದ್ದು. ಪಾರ್ವತೆವ್ವ ನಮ್ಮತ್ತಿ ಇಟ್ಟಿದ್ದು. ಎರಡೂ ಹೊತಗೊಂಡು ಸಮುದ್ರ ದಾಟಿ ಬಂದಾಕಿ ನಾನು."